ಅಳಿಸಿದ ಫೈಲು ನಿಜವಾಗಿ ಹೋಗುವುದು ಯಾವಾಗ?

ಯೂನಿಕ್ಸ್ (ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಮ್‌ಗಳ ಮಾದರಿ) ನಲ್ಲಿ ಫೈಲಿನ ಹೆಸರು ಫೈಲಿನೊಳಗೆ ಇರುವುದಿಲ್ಲ. ಇದೊಂದು ಅರ್ಥವಾದರೆ ಉಳಿದದ್ದು ಸುಲಭ.

ಗಾತ್ರ ಎಷ್ಟು, ಒಡೆಯ ಯಾರು, ಯಾರು ಓದಬಹುದು, ಡೇಟಾ ಡಿಸ್ಕಿನ ಯಾವ ಬ್ಲಾಕುಗಳಲ್ಲಿದೆ, ಇದೆಲ್ಲ ಐನೋಡ್ ಎಂಬ ದಾಖಲೆಯಲ್ಲಿರುತ್ತದೆ. ಪ್ರತಿ ಐನೋಡಿಗೂ ಒಂದು ನಂಬರ್. ಡೈರೆಕ್ಟರಿ (ಫೋಲ್ಡರ್) ಅಂದರೆ 'ಈ ಹೆಸರಿಗೆ ಈ ನಂಬರ್' ಎಂಬ ಪಟ್ಟಿ, ಅಷ್ಟೇ. ಫೈಲ್ ಅಳಿಸಲು ಡೈರೆಕ್ಟರಿಯಲ್ಲಿ ಬರೆಯುವ ಅನುಮತಿ ಬೇಕಾಗುವುದೂ ಇದಕ್ಕೇ. ನೀವು ತಿದ್ದುತ್ತಿರುವುದು ಆ ಪಟ್ಟಿಯನ್ನು, ಫೈಲನ್ನಲ್ಲ.

'ಟಿಪ್ಪಣಿ' ಎಂಬ ಫೈಲಿಗೆ 'ಪಾಠ' ಎಂಬ ಇನ್ನೊಂದು ಹೆಸರು ಕೊಡಲು ಟರ್ಮಿನಲ್‌ನಲ್ಲಿ 'ಎಲ್‌ಎನ್ ಟಿಪ್ಪಣಿ ಪಾಠ' ಎಂಬ ಕಮಾಂಡ್ ಕೊಟ್ಟು ನೋಡಿ. ನಂತರ ಫೈಲುಗಳ ಪಟ್ಟಿ ತೋರಿಸುವ 'ಎಲ್‌ಎಸ್ -ಎಲ್‌ಐ' ಕೊಟ್ಟರೆ ಎರಡೂ ಹೆಸರಿನ ಮುಂದೆ ಒಂದೇ ಐನೋಡ್ ನಂಬರ್, ಲಿಂಕ್ ಎಣಿಕೆ (ಆ ಐನೋಡಿಗಿರುವ ಹೆಸರುಗಳ ಸಂಖ್ಯೆ) 2. ಇದು ಹಾರ್ಡ್ ಲಿಂಕ್. ಇಲ್ಲಿ ಅಸಲು ಯಾವುದು, ಲಿಂಕ್ ಯಾವುದು ಅಂತ ಕೇಳುವ ಹಾಗೇ ಇಲ್ಲ, ಎರಡೂ ಸಮ. ಐನೋಡ್ ನಂಬರಿಗೆ ಬೆಲೆ ಆ ಫೈಲ್‌ಸಿಸ್ಟಮ್‌ನೊಳಗೆ (ಉದಾಹರಣೆಗೆ ಡಿಸ್ಕಿನ ಒಂದು ಪಾರ್ಟಿಶನ್) ಮಾತ್ರ, ಹಾಗಾಗಿ ಹಾರ್ಡ್ ಲಿಂಕ್ ಅದರಾಚೆ ಹೋಗದು. ಸಿಂಬಾಲಿಕ್ ಲಿಂಕ್ ಬೇರೆಯದೇ ಫೈಲು. ಅದರಲ್ಲಿರುವುದು ಒಂದು ಪಾತ್, ಅಂದರೆ ಇನ್ನೊಂದು ಫೈಲಿನ ವಿಳಾಸ ಮಾತ್ರ. ಆ ಪಾತ್‌ನಲ್ಲಿ ಏನೂ ಇಲ್ಲದಿದ್ದರೆ ಲಿಂಕ್ ಸುಮ್ನೆ ಉಳಿದಿರುತ್ತದೆ.

ಇನ್ನು ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಮ್. ಒಮ್ಮೆ ಡಿಸ್ಕ್ ತುಂಬಿತೆಂದು ದೊಡ್ಡ ಲಾಗ್ ಫೈಲೊಂದನ್ನು ಅಳಿಸುವ ಕಮಾಂಡಾದ 'ಆರ್‌ಎಂ' ಮಾಡಿದೆ. ಫೈಲುಗಳ ಗಾತ್ರ ಕೂಡಿಸುವ 'ಡಿಯು' ಲೆಕ್ಕದಲ್ಲಿ ಅದು ಇಲ್ಲ, ಆದರೆ ಡಿಸ್ಕಿನ ಖಾಲಿ ಜಾಗ ತೋರಿಸುವ 'ಡಿಎಫ್' ಪ್ರಕಾರ ಜಾಗ ಒಂಚೂರೂ ಬಿಟ್ಟಿಲ್ಲ! ಆರ್‌ಎಂ ಅಳಿಸುವುದು ಹೆಸರನ್ನು. ಲಿಂಕ್ ಎಣಿಕೆ 0 ಆಗಬೇಕು, ಫೈಲನ್ನು ತೆರೆದಿಟ್ಟ ಪ್ರೊಸೆಸ್‌ಗಳೆಲ್ಲ ಅದನ್ನು ಮುಚ್ಚಿರಬೇಕು. ಆಗಲೇ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಆ ಬ್ಲಾಕುಗಳನ್ನು ಬಿಡುಗಡೆ ಮಾಡುತ್ತದೆ. ನನ್ನ ಲಾಗನ್ನು ಒಂದು ಪ್ರೋಗ್ರಾಮ್ ಇನ್ನೂ ಹಿಡಿದುಕೊಂಡಿತ್ತು. ಹೆಸರು ಹೋದರೂ ತೆರೆದೇ ಇರುವ ಇಂಥ ಫೈಲುಗಳನ್ನು 'ಎಲ್‌ಎಸ್‌ಒಎಫ್ +ಎಲ್1' ಕಮಾಂಡ್ ತೋರಿಸುತ್ತದೆ.

ಇದರಿಂದ ಉಪಕಾರವೂ ಇದೆ. ಲಿನಕ್ಸ್‌ನಲ್ಲಿ ತಪ್ಪಿ ಅಳಿಸಿದ ಫೈಲನ್ನು ಯಾವುದಾದರೂ ಪ್ರೊಸೆಸ್ ಇನ್ನೂ ತೆರೆದಿಟ್ಟಿದ್ದರೆ, '/ಪ್ರಾಕ್' ಕೆಳಗೆ ಆ ಪ್ರೊಸೆಸ್ ನಂಬರಿನ ಡೈರೆಕ್ಟರಿಯಲ್ಲಿ, ಅದು ತೆರೆದಿಟ್ಟ ಫೈಲುಗಳನ್ನು ತೋರಿಸುವ 'ಎಫ್‌ಡಿ' ನೋಡಿ. ಅಲ್ಲಿಂದ 'ಸಿಪಿ' (ನಕಲು) ಮಾಡಿಕೊಳ್ಳಬಹುದು. ಆದರೆ ಆ ಪ್ರೊಸೆಸ್ ಅನ್ನು ಮೊದಲೇ ನಿಲ್ಲಿಸಬೇಡಿ, ಫೈಲು ಅದರ ಜೊತೆಗೇ ಹೋಗುತ್ತದೆ.