ಕಾಲೇಜಿನಲ್ಲಿ ಟೋಕಮಾಕ್ ಇಲ್ಲ, ಪ್ಲಾಸ್ಮಾ ಕಲಿಯೋದು ಹೇಗೆ?

ಪ್ರಶ್ನೆ: ಎಂಎಸ್ಸಿ ಫಿಸಿಕ್ಸ್ ಮೊದಲ ವರ್ಷದಲ್ಲಿದ್ದೇನೆ. ಲೇಸರ್, ಪ್ಲಾಸ್ಮಾ ಕಡೆ ಹೋಗುವ ಆಸೆ ಇದೆ. ಆದರೆ ನಮ್ಮ ಲ್ಯಾಬಿನಲ್ಲಿರುವುದು ಒಂದು ಹೀಲಿಯಂ-ನಿಯಾನ್ ಲೇಸರ್, ಒಂದು ಹಳೇ ವ್ಯಾಕ್ಯೂಮ್ ಪಂಪ್, ಅಷ್ಟೇ. ಇಷ್ಟರಲ್ಲಿ ಏನು ಕಲಿಯಲು ಸಾಧ್ಯ?

ಉತ್ತರ: ಬೇಕಾದಷ್ಟು ಕಲಿಯಬಹುದು. ಟೋಕಮಾಕ್‌ನಂಥ (ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ) ದೊಡ್ಡ ಯಂತ್ರದ ಮುಂದೆ ನಿಂತು ಫೋಟೊ ತೆಗೆಸಿಕೊಂಡವರಿಗಿಂತ, ಲೀಕ್ ಆಗುವ ಗಾಜಿನ ಕೊಳವೆಯ ಜೊತೆ ಒಂದು ಸೆಮಿಸ್ಟರ್ ಹೆಣಗಾಡಿದವರೇ ಮುಂದೆ ಚೆನ್ನಾಗಿ ಕೆಲಸ ಮಾಡುತ್ತಾರೆ ಅನ್ನೋದು ನನ್ನ ಅಭಿಪ್ರಾಯ.

ಮೊದಲು ಪಂಪ್ ವಿಷಯ ನೋಡೋಣ. ಗಾಜಿನ ಕೊಳವೆಯೊಳಗೆ ಎರಡು ಲೋಹದ ಬಿಲ್ಲೆ ಇಟ್ಟು, ಒತ್ತಡ ಒಂದು ಮಿಲಿಬಾರ್ ಆಸುಪಾಸಿಗೆ ಇಳಿಯುವವರೆಗೂ ಗಾಳಿ ಎಳೆಯಿರಿ. ಎಷ್ಟು ಹೊತ್ತಾದರೂ ಒತ್ತಡ ಇಳಿಯದಿದ್ದರೆ ಎಲ್ಲೋ ಓ-ರಿಂಗ್ (ಗಾಳಿ ನುಸುಳದಂತೆ ತಡೆಯುವ ರಬ್ಬರ್ ಬಳೆ) ಸರಿಯಾಗಿ ಕೂತಿಲ್ಲ ಅಥವಾ ಅದರ ಮೇಲೆ ಕೂದಲೊಂದು ಬಿದ್ದಿದೆ. ಅದನ್ನು ಹುಡುಕುವುದೇ ಮೊದಲ ಪಾಠ. ಆಮೇಲೆ ಬಿಲ್ಲೆಗಳ ನಡುವೆ ನಿಧಾನಕ್ಕೆ ವೋಲ್ಟೇಜ್ ಏರಿಸಿ. ಜೀವ ತೆಗೆಯುವಷ್ಟು ವೋಲ್ಟೇಜ್ ಇದು, ಮೇಷ್ಟ್ರು ಪಕ್ಕದಲ್ಲೇ ಇರಲಿ. ಕೆಲವು ನೂರು ವೋಲ್ಟ್ ದಾಟಿದ ಮೇಲೆ ಕೊಳವೆ ತಟ್ಟನೆ ನೇರಳೆ-ಗುಲಾಬಿ ಬಣ್ಣದಲ್ಲಿ ಬೆಳಗುತ್ತದೆ. ಅದೇ ಪ್ಲಾಸ್ಮಾ, ಅಂದರೆ ಅಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬಂದು ವಿದ್ಯುತ್ ಹರಿಸುವ ಅನಿಲ.

ಈಗ ಒತ್ತಡ ಬದಲಾಯಿಸುತ್ತಾ, ಬೆಳಕು ಹೊತ್ತುವ ವೋಲ್ಟೇಜನ್ನು ಪ್ರತಿ ಸಲ ಬರೆದುಕೊಳ್ಳಿ. ಒತ್ತಡ ಕಡಿಮೆಯಾದಂತೆ ವೋಲ್ಟೇಜೂ ಇಳಿಯುತ್ತದೆ. ಆದರೆ ಒಂದು ಹಂತ ದಾಟಿದರೆ ಮತ್ತೆ ಮೇಲೇರುತ್ತದೆ. ಇದಕ್ಕೆ ಪಾಶೆನ್ ನಿಯಮ ಅಂತಾರೆ. ಕಾರಣ ಸರಳ. ಪ್ಲಾಸ್ಮಾ ಹೊತ್ತಬೇಕಾದರೆ ಎಲೆಕ್ಟ್ರಾನ್ ವೇಗವಾಗಿ ಓಡಿ ಅಣುವಿಗೆ ಡಿಕ್ಕಿ ಹೊಡೆದು ಅದರಿಂದ ಇನ್ನೊಂದು ಎಲೆಕ್ಟ್ರಾನ್ ಕೀಳಬೇಕು. ಗಾಳಿ ಜಾಸ್ತಿ ಇದ್ದರೆ ಎಲೆಕ್ಟ್ರಾನಿನ ಪಾಡು ಸಂತೆಯ ನೂಕುನುಗ್ಗಲಿನಲ್ಲಿ ಓಡಲು ಹೊರಟವನ ಪಾಡು, ವೇಗ ಹಿಡಿಯುವ ಮೊದಲೇ ಯಾರಿಗಾದರೂ ಡಿಕ್ಕಿ. ಗಾಳಿ ತೀರಾ ಕಡಿಮೆ ಇದ್ದರೆ ಡಿಕ್ಕಿ ಹೊಡೆಯಲು ಅಣುಗಳೇ ಸಿಗುವುದಿಲ್ಲ, ಎಲೆಕ್ಟ್ರಾನ್ ಸೀದಾ ಎದುರಿನ ಬಿಲ್ಲೆ ಸೇರುತ್ತದೆ. ಇವೆರಡರ ನಡುವಿನ ಹದದಲ್ಲಿ ಗಾಳಿಗೆ ಸುಮಾರು 330 ವೋಲ್ಟ್ ಸಾಕು. ಹೊರಗಿನ ಸಾಮಾನ್ಯ ಗಾಳಿಯಲ್ಲಿ ಒಂದು ಸೆಂಟಿಮೀಟರ್ ಕಿಡಿ ಹಾರಿಸಲು ಸುಮಾರು 30,000 ವೋಲ್ಟ್ ಬೇಕು. ವ್ಯತ್ಯಾಸ ಎಷ್ಟಿದೆ ನೋಡಿ!

ಮುಂದಿನ ಹೆಜ್ಜೆ ಲ್ಯಾಂಗ್‌ಮ್ಯೂರ್ ಪ್ರೋಬ್. ಹೆಸರು ದೊಡ್ಡದು, ವಸ್ತು ಮಾತ್ರ ಒಂದು ತೆಳ್ಳನೆ ಟಂಗ್‌ಸ್ಟನ್ ತಂತಿ. ಅದರ ತುದಿಯನ್ನು ಪ್ಲಾಸ್ಮಾದೊಳಗೆ ಇಟ್ಟು, ಮೈನಸ್‌ನಿಂದ ಪ್ಲಸ್‌ವರೆಗೆ ವೋಲ್ಟೇಜ್ ಕೊಡುತ್ತಾ ಎಷ್ಟು ಕರೆಂಟ್ ಬರುತ್ತದೆ ಅಂತ ಅಳೆಯುತ್ತೀರಿ. ಆ ಕರೆಂಟಿನ ಲಾಗ್ ತೆಗೆದು ಗ್ರಾಫ್ ಹಾಕಿದರೆ, ಏರುವ ಗೆರೆಯ ಓರೆಯಿಂದ ಎಲೆಕ್ಟ್ರಾನುಗಳ ತಾಪ ಸಿಗುತ್ತದೆ. ಲಾಗ್ ತೆಗೆಯುವ ಮೊದಲು ಅಯಾನುಗಳ (ಎಲೆಕ್ಟ್ರಾನ್ ಕಳೆದುಕೊಂಡ ಅಣುಗಳ) ಕರೆಂಟನ್ನು ಕಳೆಯಬೇಕು. ಮರೆತರೆ ಗೆರೆ ಸೊಟ್ಟಗಾಗಿ ಉತ್ತರ ಎಲ್ಲಿಗೋ ಹೋಗುತ್ತದೆ. ತಂತಿಗೆ ಕೊಳೆ ಹಿಡಿದರೂ ಅಷ್ಟೇ. ಆಗ ಪ್ಲಸ್ ವೋಲ್ಟೇಜ್ ಜಾಸ್ತಿ ಕೊಟ್ಟು ತುದಿಯನ್ನು ಕೆಂಪಗೆ ಕಾಯಿಸಿ ಶುದ್ಧ ಮಾಡುತ್ತಾರೆ.

ಉತ್ತರ ಎರಡು ಎಲೆಕ್ಟ್ರಾನ್-ವೋಲ್ಟ್ ಬಂತು ಅನ್ನಿ. ಅಂದರೆ ಸುಮಾರು 23,000 ಡಿಗ್ರಿ. ಸೂರ್ಯನ ಮೇಲ್ಮೈಯೇ 5,500 ಡಿಗ್ರಿ ಆಸುಪಾಸಿನಲ್ಲಿದೆ. ಹಾಗಾದರೆ ಗಾಜು ಯಾಕೆ ಕರಗಲಿಲ್ಲ? ಇದನ್ನು ಕೇಳದ ವಿದ್ಯಾರ್ಥಿ ಇನ್ನೂ ಮೀಟರ್ ಓದುತ್ತಿದ್ದಾನೆ ಅಷ್ಟೇ. ಬಿಸಿಯಿರುವುದು ಎಲೆಕ್ಟ್ರಾನುಗಳಿಗೆ ಮಾತ್ರ. ಅವು ಹಗುರ, ಸಂಖ್ಯೆಯೂ ಕಡಿಮೆ. ಸುತ್ತಲಿನ ಅನಿಲ ಹೆಚ್ಚುಕಡಿಮೆ ತಣ್ಣಗೇ ಇರುತ್ತದೆ. ಒಂದೇ ಕೊಳವೆಯೊಳಗೆ ಎರಡು ತಾಪ!

ಇನ್ನು ನಿಮ್ಮ ಹೀಲಿಯಂ-ನಿಯಾನ್ ಲೇಸರ್. ಅದರ ಕೆಂಪು ಬೆಳಕನ್ನು ಎರಡು ಕನ್ನಡಿಗಳಿಂದ ತಿರುಗಿಸಿ, ದೂರದೂರದ ಎರಡು ಸಣ್ಣ ತೂತುಗಳ ಮೂಲಕ ಹಾಯಿಸಿ ನೋಡಿ. ಮೊದಲ ಕನ್ನಡಿಯಿಂದ ಹತ್ತಿರದ ತೂತು, ಎರಡನೆಯದರಿಂದ ದೂರದ ತೂತು. ಒಂದನ್ನು ಸರಿಮಾಡಿದರೆ ಇನ್ನೊಂದು ತಪ್ಪುತ್ತದೆ, ಮತ್ತೆ ಮೊದಲಿಂದ. ಮಧ್ಯಾಹ್ನ ಪೂರ್ತಿ ಇದರಲ್ಲೇ ಕಳೆಯಬಹುದು. ಅಲೈನ್‌ಮೆಂಟ್ ಅಂದರೆ ಇದೇ. ಕೋಟಿಗಟ್ಟಲೆ ಬೆಲೆಯ ಲೇಸರಿನ ಮುಂದೆಯೂ ಇದೇ ಕೆಲಸ.

ಕಣ್ಣಿನ ಅಭ್ಯಾಸಗಳನ್ನೂ ಈಗಲೇ ರೂಢಿ ಮಾಡಿಕೊಳ್ಳಿ. ವಾಚು, ಉಂಗುರ ತೆಗೆದಿಡಿ. ಲೇಸರ್ ಹೋಗುವ ಎತ್ತರಕ್ಕೆ ಕಣ್ಣು ತರಬೇಡಿ. ಪೆನ್ನು ಬಿದ್ದರೆ ಟೇಬಲಿಗೆ ಬೆನ್ನು ಮಾಡಿ ಎತ್ತಿಕೊಳ್ಳಿ. ಮುಂದೆ ನಿಮಗೆ ಸಿಗುವ ಎನ್‌ಡಿ-ಯಾಗ್ ಲೇಸರಿನ 1,064 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ನೇರ ರೆಟಿನಾಗೆ ಹೋಗಿ ಸುಡುತ್ತದೆ. ಒಂದು ಬಣ್ಣದ ಲೇಸರ್ ತಡೆಯಲು ಮಾಡಿದ ಕನ್ನಡಕ ಇನ್ನೊಂದನ್ನು ತಡೆಯದಿರಬಹುದು. ಆದ್ದರಿಂದ ಕನ್ನಡಕದ ಮೇಲಿನ ಅಂಕಿ ಓದದೆ ಹಾಕಬೇಡಿ.

ಲೇಸರಿಗೂ ಪ್ಲಾಸ್ಮಾಗೂ ಏನು ನಂಟು? ಅದೇ ಎನ್‌ಡಿ-ಯಾಗ್ ಲೇಸರಿನಿಂದ 0.1 ಜೂಲ್ ಶಕ್ತಿ 10 ನ್ಯಾನೊಸೆಕೆಂಡಿನಲ್ಲಿ ಹೊರಬಂದರೆ, ಆ ಕ್ಷಣದ ಮಟ್ಟಿಗೆ ಅದು ಒಂದು ಕೋಟಿ ವಾಟ್. ಲೆನ್ಸ್ ಇಟ್ಟು ಅದನ್ನು ಒಂದು ಬಿಂದುವಿಗೆ ತಂದರೆ ಬರೀ ಗಾಳಿಯೇ ಚಟ್ ಅಂತ ಸಿಡಿದು ಪ್ಲಾಸ್ಮಾ ಆಗುತ್ತದೆ. ಗಾಳಿಯ ಬದಲು ಕಲ್ಲಿಗೆ ಹೊಡೆದು, ಆ ಕಿಡಿಯ ಬೆಳಕನ್ನು ಬಿಡಿಸಿ ನೋಡಿದರೆ ಕಲ್ಲಿನಲ್ಲಿ ಯಾವ ಧಾತುಗಳಿವೆ ಅಂತ ಗೊತ್ತಾಗುತ್ತದೆ. ಮಂಗಳ ಗ್ರಹದಲ್ಲಿ ಕ್ಯೂರಿಯಾಸಿಟಿ ರೋವರ್ ಮಾಡುವುದೂ ಇದನ್ನೇ.

ವಿದ್ಯಾರ್ಥಿಗಳಿಂದ ಏನಾಗುತ್ತೆ ಅನ್ನುವವರಿಗೆ ಡೋನಾ ಸ್ಟ್ರಿಕ್‌ಲ್ಯಾಂಡ್ ಉದಾಹರಣೆ ಇದೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಆಕೆ ಪಿಎಚ್‌ಡಿ ವಿದ್ಯಾರ್ಥಿನಿಯಾಗಿದ್ದಾಗ, ಮಾರ್ಗದರ್ಶಕ ಜೆರಾರ್ ಮೂರೂ ಜೊತೆ ಲೇಸರ್ ಪಲ್ಸನ್ನು (ಕ್ಷಣಮಾತ್ರದ ಬೆಳಕಿನ ತುಣುಕನ್ನು) 1.4 ಕಿಲೋಮೀಟರ್ ಫೈಬರಿನಲ್ಲಿ ಹಾಯಿಸಿ ಹಿಗ್ಗಿಸಿದರು. ಹಿಗ್ಗಿದ ಪಲ್ಸಿನ ಬಲ ಹೆಚ್ಚಿಸಿ, ಕೊನೆಗೆ ಮತ್ತೆ ಕುಗ್ಗಿಸಿದರು. ಹಿಗ್ಗಿಸದೆ ಬಲ ಹೆಚ್ಚಿಸಿದ್ದರೆ ಒಳಗಿನ ಗಾಜೇ ಹಾಳಾಗುತ್ತಿತ್ತು. 1985ರ ಆ ಕೆಲಸಕ್ಕೆ 2018ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್), ಇಂದೋರಿನ ರಾಜಾ ರಾಮಣ್ಣ ಕೇಂದ್ರದ ದೊಡ್ಡ ಲೇಸರುಗಳೂ ಇದೇ ದಾರಿಯವು. ಹೌದು, ನಮ್ಮ ತುಮಕೂರು ಕಡೆಯ ಅಣುವಿಜ್ಞಾನಿ ರಾಜಾ ರಾಮಣ್ಣನವರ ಹೆಸರೇ.

ಗಣಿತದ ಭಯ ಬೇಡ, ಆದರೆ ವಿದ್ಯುತ್ತು, ಕಾಂತಗಳ ನಿಯಮ ಹೇಳುವ ಮ್ಯಾಕ್ಸ್‌ವೆಲ್ ಸಮೀಕರಣಗಳು ನೀರು ಕುಡಿದಷ್ಟು ಸುಲಭವಾಗಬೇಕು. ಲ್ಯಾಬೇ ಸಿಗದಿದ್ದರೆ ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಬಳಸಿ, ಎದುರುಬದುರು ಹರಿಯುವ ಎರಡು ಎಲೆಕ್ಟ್ರಾನ್ ಹೊಳೆಗಳ ಸಿಮ್ಯುಲೇಶನ್ ಬರೆಯಿರಿ. ಕೆಲವು ನೂರು ಸಾಲಿನ ಕೋಡ್. ಸ್ಥಾನ-ವೇಗದ ಗ್ರಾಫಿನಲ್ಲಿ ಎರಡೂ ಸೇರಿ ಸುಳಿಗಳಾಗಿ ಸುತ್ತಿಕೊಳ್ಳುವುದನ್ನು ಪರದೆ ಮೇಲೆ ನೋಡುವುದೇ ಚೆಂದ.

ದೊಡ್ಡ ಯಂತ್ರ ಮುಟ್ಟಬೇಕಾದರೆ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ, ಅಂದರೆ ಐಪಿಆರ್, ನೋಡಿ. 1989ರಲ್ಲಿ ಶುರುವಾದ ಆದಿತ್ಯ ಟೋಕಮಾಕ್ ಅಲ್ಲಿಯದೇ. ಬೇಸಿಗೆಯಲ್ಲಿ ವಿದ್ಯಾರ್ಥಿಗಳಿಗೆ ಶಿಬಿರ ನಡೆಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಕೊಡುವ ಬೇಸಿಗೆ ಫೆಲೋಶಿಪ್ಪಿಗೂ ಅರ್ಜಿ ಹಾಕಿ. ಪಿಎಚ್‌ಡಿಗಾದರೆ ಜೆಸ್ಟ್ (ಹಲವು ಸಂಶೋಧನಾ ಸಂಸ್ಥೆಗಳ ಒಟ್ಟು ಪ್ರವೇಶ ಪರೀಕ್ಷೆ) ಬರೆಯಿರಿ. ಅರ್ಜಿಯಲ್ಲಿ "ಪ್ಲಾಸ್ಮಾ ಬಗ್ಗೆ ತುಂಬಾ ಆಸಕ್ತಿ" ಅಂತ ಎಲ್ಲರೂ ಬರೆಯುತ್ತಾರೆ. ನೀವು ನಿಮ್ಮ ಕೊಳವೆಯ ಪಾಶೆನ್ ಗ್ರಾಫ್ ಬಗ್ಗೆ ಬರೆಯಿರಿ. ಲೀಕ್ ಎಲ್ಲಿ ಸಿಕ್ಕಿತು ಅನ್ನೋದನ್ನೂ ಸೇರಿಸಿ.