ಕೊಲ್ಚಾಕ್: ಒಂದೇ ರೈಲು ಹಳಿಯನ್ನು ನಂಬಿದ ಸರ್ಕಾರ

ರಷ್ಯಾದ ಅಂತರ್ಯುದ್ಧ ಓದುವಾಗ, ಸೈಬೀರಿಯಾದಲ್ಲಿ ಬೋಲ್ಶೆವಿಕರ (ಲೆನಿನ್ನನ ಕಮ್ಯುನಿಸ್ಟರ) ವಿರುದ್ಧ ಸರ್ಕಾರ ನಡೆಸಿದ ಅಡ್ಮಿರಲ್ ಅಲೆಕ್ಸಾಂಡರ್ ಕೊಲ್ಚಾಕ್ ಹೆಸರು ಬಂದ ಕೂಡಲೇ ‘ವಿದೇಶಿ ಕೈಗೊಂಬೆ’ ಎಂದು ಬರೆದು ಮುಂದೆ ಹೋಗುವುದು ರೂಢಿ. ನಾನೂ ಮೊದಲು ಹಾಗೇ ಬರೆದುಕೊಂಡಿದ್ದೆ. ಭೂಪಟದಲ್ಲಿ ಪೂರ್ವದ ಬಂದರು ವ್ಲಾಡಿವೊಸ್ಟಾಕ್‌ನಿಂದ ಇವನ ಸರ್ಕಾರವಿದ್ದ ಸೈಬೀರಿಯಾದ ಓಮ್ಸ್ಕ್‌ವರೆಗೆ ರೈಲು ಹಳಿಯ ಗುಂಟ ಬೆರಳಾಡಿಸಿ ನೋಡಿದ ಮೇಲೆ ಆ ಮಾತು ಅರ್ಧ ಮಾತ್ರ ನಿಜ ಅನ್ನಿಸಿತು.

ಕೊಲ್ಚಾಕ್ ಹುಟ್ಟಿದ್ದು 1874ರಲ್ಲಿ. ಉತ್ತರ ಧ್ರುವ ಪ್ರದೇಶದ ಅನ್ವೇಷಕ, 1916ರಿಂದ ಕಪ್ಪು ಸಮುದ್ರ ನೌಕಾಪಡೆಯ ಮುಖ್ಯಸ್ಥ. 1917ರ ಜೂನ್‌ನಲ್ಲಿ ಸೆವಸ್ತೊಪೋಲ್‌ನ ಬಂಡಾಯ ನಾವಿಕರು ಅಧಿಕಾರಿಗಳು ಆಯುಧ ಒಪ್ಪಿಸಬೇಕೆಂದಾಗ, ಶೌರ್ಯಕ್ಕೆ ಸಿಕ್ಕಿದ್ದ ಖಡ್ಗವನ್ನು ಅವರ ಕೈಗೆ ಕೊಡದೆ ಸಮುದ್ರಕ್ಕೆ ಎಸೆದುಬಿಟ್ಟ. ಈ ಹಟ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬೋಲ್ಶೆವಿಕರು ಅಧಿಕಾರ ಹಿಡಿದ ಮೇಲೆ ಬ್ರಿಟಿಷರ ಸೇವೆಗೆ ತಾನಾಗಿ ಮುಂದೆ ಬಂದ. ಮೆಸೊಪೊಟೇಮಿಯಾಕ್ಕೆ ಹೊರಟವನನ್ನು ಸಿಂಗಪುರದಲ್ಲಿ ತಡೆದು ದೂರಪ್ರಾಚ್ಯಕ್ಕೆ ವಾಪಸ್ ಕಳಿಸಿದರು. 1918ರ ಅಕ್ಟೋಬರ್‌ನಲ್ಲಿ ಓಮ್ಸ್ಕ್ ತಲುಪಿ, ಬೋಲ್ಶೆವಿಕ್ ವಿರೋಧಿ ‘ಡೈರೆಕ್ಟರಿ’ ಸರ್ಕಾರದಲ್ಲಿ ಯುದ್ಧ ಮಂತ್ರಿಯಾದ. ನವೆಂಬರ್ 18ರಂದು ಕೊಸಾಕ್ ಅಧಿಕಾರಿಗಳು ಡೈರೆಕ್ಟರಿಯ ಸಮಾಜವಾದಿ ಸದಸ್ಯರನ್ನು ಬಂಧಿಸಿದರು. ಮಂತ್ರಿಮಂಡಲ ಕೊಲ್ಚಾಕ್‌ನನ್ನು ‘ಸರ್ವೋಚ್ಚ ಆಡಳಿತಗಾರ’ ಎಂದು ಆರಿಸಿತು. ಊರಿನಲ್ಲಿ ಬ್ರಿಟಿಷ್ ತುಕಡಿ ಇತ್ತು, ಬ್ರಿಟಿಷ್ ಸೇನಾ ನಿಯೋಗದ ಮುಖ್ಯಸ್ಥ ಜನರಲ್ ನಾಕ್ಸ್ ಇವನ ಬೆಂಬಲಿಗ. ಆದರೆ ಲಂಡನ್ ಕೆಲವೇ ದಿನ ಮೊದಲು ಮಾನ್ಯ ಮಾಡಲು ಹೊರಟಿದ್ದು ಅದೇ ಡೈರೆಕ್ಟರಿಯನ್ನು! ಹಾಗಾಗಿ ಎಲ್ಲವನ್ನೂ ಲಂಡನ್ನಿನ ತಲೆಗೆ ಕಟ್ಟಬೇಡಿ.

ಆಮೇಲೆ ಬ್ರಿಟನ್ನಿನಿಂದ ಬಂದೂಕು, ಸಮವಸ್ತ್ರಗಳು ಹೇರಳವಾಗಿ ಬಂದವು. ಇಂಗ್ಲಿಷ್ ಅಂಗಿ, ಫ್ರೆಂಚ್ ಭುಜಪಟ್ಟಿ, ಜಪಾನಿ ತಂಬಾಕು ಎಂದು ಜನ ಇವನ ಮೇಲೆ ಪದ ಕಟ್ಟಿ ಹಾಡಿದರು. ಆದರೆ ಕಜಾನ್‌ನಲ್ಲಿ ವಶವಾಗಿದ್ದ ತ್ಸಾರ್ ಕಾಲದ ಸುಮಾರು 500 ಟನ್ ಚಿನ್ನವೂ ಇವನ ಬಳಿ ಇತ್ತು. ಅದರಲ್ಲಿ ಒಂದಷ್ಟನ್ನು ಮಾರಿ ಕೊಂಡ ಆಯುಧಗಳೂ ಇದ್ದವು. ಇನ್ನು ಹಟದ ವಿಷಯ. ತಮ್ಮ ಸ್ವಾತಂತ್ರ್ಯವನ್ನು ಮಾನ್ಯ ಮಾಡಿದರೆ ಫಿನ್ಲೆಂಡ್ ಬೋಲ್ಶೆವಿಕರ ಕೈಲಿದ್ದ ಪೆಟ್ರೊಗ್ರಾಡ್ ಮೇಲೆ ಏರಿಹೋಗುತ್ತದೆ ಎಂದು ಫಿನ್ಲೆಂಡಿನ ನಾಯಕ ಮ್ಯಾನರ್‌ಹೈಮ್ ಸೂಚಿಸಿದಾಗ, ರಷ್ಯಾವನ್ನು ತುಂಡು ಮಾಡಲು ತನಗೆ ಹಕ್ಕಿಲ್ಲ ಎಂದು ಕೊಲ್ಚಾಕ್ ಒಪ್ಪಲಿಲ್ಲ. ಕೈಗೊಂಬೆ ಹೀಗೆ ನಡೆದುಕೊಳ್ಳುವುದಿಲ್ಲ.

1919ರ ಮಾರ್ಚ್‌ನಲ್ಲಿ ಇವನ ಸೇನೆ ಊಫಾ ಗೆದ್ದು ವೋಲ್ಗಾದತ್ತ ನುಗ್ಗಿತು. ಏಪ್ರಿಲ್ ಕೊನೆಗೆ ಫ್ರೂಂಜೆಯ ನೇತೃತ್ವದಲ್ಲಿ ಬೋಲ್ಶೆವಿಕರ ಕೆಂಪು ಸೇನೆ ತಿರುಗಿಬಿತ್ತು, ಜೂನ್‌ನಲ್ಲಿ ಊಫಾ ಕೈತಪ್ಪಿತು. ಪರೀಕ್ಷೆಗೆ ಇಷ್ಟು ಸಾಕು. ಸೋಲಿನ ಬೇರು ಹಿಂಭಾಗದ ಹಳ್ಳಿಗಳಲ್ಲಿತ್ತು. ಸೈಬೀರಿಯಾದಲ್ಲಿ ಜಮೀನುದಾರರು ಇರಲಿಲ್ಲವೆಂದೇ ಹೇಳಬಹುದು. ರೈತರನ್ನು ಕೆರಳಿಸಿದ್ದು ಬಲವಂತದ ಸೇನಾ ಭರ್ತಿ, ದವಸದ ವಸೂಲಿ, ಛಡಿ ಏಟು. ಅಲ್ತಾಯ್, ಯೆನಿಸೇ ಸೀಮೆಗಳಲ್ಲಿ ಅವರೇ ಗೆರಿಲ್ಲಾ ಪಡೆ ಕಟ್ಟಿಕೊಂಡರು.

ಉಳಿದದ್ದು ಹಳಿ. ಬಂದರಿನಿಂದ ಓಮ್ಸ್ಕ್‌ಗೆ 6,000 ಕಿಲೋಮೀಟರ್‌ಗೂ ಹೆಚ್ಚು, ಮದ್ದುಗುಂಡು ಬರಬೇಕಾದದ್ದು ಆ ಒಂದೇ ದಾರಿಯಲ್ಲಿ. ನಡುವೆ ಚಿಟಾದಲ್ಲಿ ಜಪಾನ್ ಬೆಂಬಲದ ಕೊಸಾಕ್ ನಾಯಕ ಸೆಮ್ಯೋನೊವ್ ರೈಲುಗಳನ್ನು ತಡೆಯುತ್ತಿದ್ದ. ಬೈಕಲ್ ಸರೋವರದ ಪಶ್ಚಿಮಕ್ಕೆ ಕಾವಲಿದ್ದದ್ದು ಮಹಾಯುದ್ಧದ ಹೊತ್ತಿಗೆ ರಷ್ಯಾದಲ್ಲಿ ಕಟ್ಟಿದ್ದ, ಈಗ ಊರಿಗೆ ಮರಳಲು ಹಾತೊರೆಯುತ್ತಿದ್ದ ಝೆಕೊಸ್ಲೊವಾಕ್ ದಳ, ಮೇಲೆ ಫ್ರೆಂಚ್ ಜನರಲ್ ಜಾನೆನ್. ಅಂದರೆ ತನ್ನ ಉಸಿರಿನ ನಾಳವೇ ಕೊಲ್ಚಾಕ್‌ನ ಕೈಯಲ್ಲಿರಲಿಲ್ಲ. ಇದನ್ನು ಅಡಿಗೆರೆ ಹಾಕಿಕೊಂಡು ಓದಿ.

ನವೆಂಬರ್ 14ರಂದು ಓಮ್ಸ್ಕ್ ಬಿತ್ತು. ಚಿನ್ನದ ಸಮೇತ ಪೂರ್ವಕ್ಕೆ ಹೊರಟ ಇವನ ರೈಲನ್ನು ನಿಜ್ನೆಉದಿನ್ಸ್ಕ್‌ನಲ್ಲಿ ಝೆಕ್ ಸೈನಿಕರೇ ನಿಲ್ಲಿಸಿದರು. ಜನವರಿ 4ರಂದು ಅಧಿಕಾರವನ್ನು ದಕ್ಷಿಣ ರಷ್ಯಾದ ಬೋಲ್ಶೆವಿಕ್ ವಿರೋಧಿ ಸೇನಾನಿ ಡೆನಿಕಿನ್‌ಗೆ ಬಿಟ್ಟುಕೊಟ್ಟ. ಒಂದೇ ಬೋಗಿಯಲ್ಲಿ, ಹೊರಗೆ ಮಿತ್ರರಾಷ್ಟ್ರಗಳ ಬಾವುಟ ಕಟ್ಟಿಕೊಂಡು, ಅವರದೇ ರಕ್ಷಣೆಯಲ್ಲಿ ಪ್ರಯಾಣ ಮುಂದುವರಿಯಿತು. 1920ರ ಜನವರಿ 15ರಂದು ಇರ್ಕುಟ್ಸ್ಕ್ ನಿಲ್ದಾಣದಲ್ಲಿ, ಊರು ಹಿಡಿದಿದ್ದ ಸಮಾಜವಾದಿಗಳಿಗೆ ಝೆಕ್ಕರು ಇವನನ್ನು ಒಪ್ಪಿಸಿದರು, ಜಾನೆನ್ ತಡೆಯಲಿಲ್ಲ. ಆ ಸಾಲನ್ನು ಎಷ್ಟು ಸಲ ಓದಿದರೂ ಮನಸ್ಸು ಕಲಕುತ್ತದೆ. ವಾರದೊಳಗೆ ಊರು ಬೋಲ್ಶೆವಿಕರ ಪಾಲಾಯಿತು.

ಫೆಬ್ರವರಿ 7ರ ನಸುಕಿನಲ್ಲಿ, ಉಶಕೋವ್ಕಾ ನದಿ ಅಂಗಾರಾವನ್ನು ಸೇರುವಲ್ಲಿ, ಪ್ರಧಾನಿ ಪೆಪೆಲ್ಯಾಯೆವ್ ಜೊತೆಗೆ ಕೊಲ್ಚಾಕ್‌ನನ್ನು ಗುಂಡಿಟ್ಟು ಕೊಂದು, ಹೆಣವನ್ನು ಹಿಮಗಡ್ಡೆಯ ಕಿಂಡಿಯೊಳಗೆ ತಳ್ಳಿದರು. ಅದೇ ದಿನ ಕುಯ್ತುನ್ ನಿಲ್ದಾಣದಲ್ಲಿ ಝೆಕ್ ದಳ ಕೆಂಪು ಸೇನೆಯೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿತು: ಚಿನ್ನ ಕೆಂಪು ಸೇನೆಗೆ, ವ್ಲಾಡಿವೊಸ್ಟಾಕ್‌ವರೆಗಿನ ದಾರಿ ಝೆಕ್ಕರಿಗೆ.