ಹಂಡೆಯ ಒಲೆ, ಗಾಳಿ ಶುದ್ಧ ಮಾಡುವ ಯಂತ್ರ, ಅಜ್ಜನ ಬಿಪಿ

ಬೆಂಗಳೂರು, ದೆಹಲಿ, ದುಬೈಯಲ್ಲಿರುವ ಮಕ್ಕಳು ಊರಿನ ಅಪ್ಪ-ಅಮ್ಮನಿಗೆ ಮೊದಲೆಲ್ಲ ಮಿಕ್ಸಿ ಕಳಿಸುತ್ತಿದ್ದರು. ಆಮೇಲೆ ಇನ್ವರ್ಟರ್ ಬಂತು, ಬಿಪಿ ನೋಡುವ ಯಂತ್ರ ಬಂತು. ಈಗ ಏರ್ ಪ್ಯೂರಿಫೈಯರಿನ ಸರದಿ. ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯ ಕೆಲವು ಮನೆಗಳ ಚಾವಡಿಯಲ್ಲಿ ಟಿವಿ ಪಕ್ಕ ಈ ಬಿಳಿ ಡಬ್ಬ ಕಾಣಸಿಗುತ್ತದೆ. ಇದೇನು ಅಂತ ಕೇಳಿದರೆ "ಹಾರ್ಟಿಗೆ ಒಳ್ಳೇದಂತೆ, ಮಗ ಕಳಿಸಿದ್ದು" ಎನ್ನುತ್ತಾರೆ. ನೆರೆಮನೆಯವರಿಗೆ ನಗು. ದೆಹಲಿಗಾದರೆ ಸರಿ, ಸುತ್ತ ತೋಟ, ಪಶ್ಚಿಮಕ್ಕೆ ಕಡಲು ಇರುವ ಕಾಸರಗೋಡಿನಲ್ಲಿ ಗಾಳಿ ತೊಳೆಯಲು ಯಂತ್ರ ಯಾಕೆ?

ನನಗನ್ನಿಸುವುದು, ಮಗ ಹೇಳುವುದೂ ಅರ್ಧ ಸರಿ, ನೆರೆಯವರು ಹೇಳುವುದೂ ಅರ್ಧ ಸರಿ. ಉಳಿದರ್ಧ ತಿಳಿಯಬೇಕಾದರೆ ಹೊಗೆಗೂ ಹೃದಯಕ್ಕೂ ಇರುವ ನಂಟು ಗೊತ್ತಾದ ಕತೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಹೊಗೆ ಕುಡಿದರೆ ಕೆಮ್ಮು, ಉಬ್ಬಸ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಹೃದಯದ ಮಾತು ಬಂದದ್ದು ತಡವಾಗಿ. 1930ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಮ್ಯೂಸ್ ಕಣಿವೆಯಲ್ಲಿ ಕಾರ್ಖಾನೆಗಳ ಹೊಗೆ ಮಂಜಿನ ಜೊತೆ ಸೇರಿ ನಿಂತುಬಿಟ್ಟಿತು. ಕೆಲವೇ ದಿನಗಳಲ್ಲಿ ಸುಮಾರು 60 ಮಂದಿ ಸತ್ತರು. 1948ರಲ್ಲಿ ಅಮೆರಿಕದ ಡೊನೋರಾ ಎಂಬ ಸಣ್ಣ ಊರಿನಲ್ಲೂ ಹೀಗೇ ಆಗಿ 20 ಮಂದಿ ಹೋದರು. 1952ರ ಡಿಸೆಂಬರಿನಲ್ಲಿ ಲಂಡನ್ ಐದು ದಿನ ಹೊಗೆಮಂಜಿನಲ್ಲಿ ಮುಳುಗಿತು. ಸತ್ತವರು 4,000 ಎಂದು ಆಗ ಲೆಕ್ಕ ಹಾಕಿದರು. ನಂತರದ ಅಧ್ಯಯನಗಳು ಅದನ್ನು 12,000ದವರೆಗೆ ಏರಿಸಿವೆ. ಸತ್ತವರಲ್ಲಿ ಮುದುಕರೇ ಜಾಸ್ತಿ. ಶ್ವಾಸಕೋಶದ ಕಾಯಿಲೆಯವರ ಜೊತೆಗೆ ಹೃದಯದ ತೊಂದರೆ ಇದ್ದವರೂ ಅವರಲ್ಲಿದ್ದರು.

ನಾಲ್ಕು ವರ್ಷದ ನಂತರ ಬ್ರಿಟನ್ ಶುದ್ಧ ಗಾಳಿಯ ಕಾನೂನು ತಂದಿತು. ಅದು 1956, ಕಾಸರಗೋಡು ಕೇರಳಕ್ಕೆ ಸೇರಿದ್ದರಿಂದ ನಮಗೆ ಬೇರೆಯೇ ಕಾರಣಕ್ಕೆ ಮರೆಯಲಾಗದ ವರ್ಷ. ಆ ಕಾನೂನು ಕಾರ್ಖಾನೆಯ ಚಿಮಣಿಗಷ್ಟೇ ನಿಲ್ಲಲಿಲ್ಲ, ಮನೆಯೊಳಗಿನ ಕಲ್ಲಿದ್ದಲ ಒಲೆಗೂ ಕೈ ಹಾಕಿತು. ನಮ್ಮ ಕತೆಗೆ ಬೇಕಾದದ್ದು ಅದೇ.

ಆದರೂ ಹೊಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಮೇಲೆ ಅಪಾಯ ಮುಗಿಯಿತು ಎಂದೇ ಜನ ಎಣಿಸಿದ್ದರು. 1993ರಲ್ಲಿ ಹಾರ್ವರ್ಡ್‌ನವರು ಅಮೆರಿಕದ ಆರು ಊರುಗಳ ಲೆಕ್ಕ ಪ್ರಕಟಿಸಿದರು. 8,111 ಜನರನ್ನು 14ರಿಂದ 16 ವರ್ಷ ಬೆನ್ನುಹತ್ತಿ ನೋಡಿದ ಅಧ್ಯಯನ ಅದು. ಹೆಚ್ಚು ಕೊಳೆ ಗಾಳಿಯ ಊರಿನಲ್ಲಿ ಸಾವಿನ ಪ್ರಮಾಣ ಶುದ್ಧ ಗಾಳಿಯ ಊರಿಗಿಂತ 26% ಜಾಸ್ತಿ ಇತ್ತು. ಬೀಡಿ-ಸಿಗರೇಟು, ವಯಸ್ಸು, ತೂಕ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲಿನ ಅಂಕಿ ಇದು. ಇಲ್ಲಿ ಆರೋಪಿಯಾಗಿ ನಿಂತದ್ದು ಪಿಎಂ 2.5, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡೂವರೆ ಪಾಲಿಗಿಂತಲೂ ಸಣ್ಣ ಕಣ. 2004ರಲ್ಲಿ ಇನ್ನೊಂದು ದೊಡ್ಡ ಲೆಕ್ಕ ಬಂತು. ಈ ಕಣಗಳಿಗೆ ಗಂಟುಬೀಳುವ ಸಾವುಗಳಲ್ಲಿ ಹೃದಯದ ಪಾಲು ಎದ್ದು ಕಾಣುತ್ತದೆ, ಶ್ವಾಸಕೋಶದ್ದು ಅದರ ಹಿಂದೆ ಎಂದು ಅದು ತೋರಿಸಿತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಅದೇ ವರ್ಷ ಎಚ್ಚರಿಕೆ ಕೊಟ್ಟಿತು. 2010ರಲ್ಲಿ ಇನ್ನೂ ಗಟ್ಟಿಯಾಗಿ, ಇದು ಬರೀ ನಂಟಲ್ಲ, ಕಾರಣವೇ ಎಂದಿತು.

ಮೂಗಿನಿಂದ ಹೋದದ್ದು ಹೃದಯಕ್ಕೆ ಹೇಗೆ ತಲುಪುತ್ತದೆ? ದಾರಿ ಒಂದಲ್ಲ. ಕಣ ಶ್ವಾಸಕೋಶದ ತಳ ಮುಟ್ಟಿದಾಗ ಅಲ್ಲಿ ಉರಿಯೂತ ಏಳುತ್ತದೆ, ಅದರ ಪರಿಣಾಮ ರಕ್ತಕ್ಕೂ ಹರಡುತ್ತದೆ. ನರಗಳು ಕೆರಳಿ ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ರಕ್ತ ಬೇಗ ಹೆಪ್ಪುಗಟ್ಟುತ್ತದೆ. ತೀರಾ ಸಣ್ಣ ಕಣಗಳು ನೇರ ರಕ್ತಕ್ಕೇ ಇಳಿಯುತ್ತವೆ. 2017ರಲ್ಲಿ ಎಡಿನ್‌ಬರೋದ ಸಂಶೋಧಕರು ಆರೋಗ್ಯವಂತರಿಗೆ ಅತಿ ಸಣ್ಣ ಚಿನ್ನದ ಕಣಗಳಿದ್ದ ಗಾಳಿ ಉಸಿರಾಡಲು ಕೊಟ್ಟರು. 24 ಗಂಟೆಯೊಳಗೆ ಚಿನ್ನ ರಕ್ತದಲ್ಲಿ, ಮೂತ್ರದಲ್ಲಿ ಸಿಕ್ಕಿತು. ಮೂರು ತಿಂಗಳಾದ ಮೇಲೂ ಸಿಕ್ಕಿತು. ರಕ್ತನಾಳದ ಶಸ್ತ್ರಚಿಕಿತ್ಸೆಗೆ ಮೊದಲು ಅದೇ ಗಾಳಿ ಉಸಿರಾಡಿದವರಲ್ಲಿ, ನಾಳದೊಳಗೆ ಕಟ್ಟಿದ ಕೊಬ್ಬಿನಲ್ಲೂ ಚಿನ್ನ ಕಂಡಿತು. ವಯಸ್ಸಾದವರ ನಾಳ ಮೊದಲೇ ಗಡಸಾಗಿರುತ್ತದೆ, ಕೊಬ್ಬೂ ಕಟ್ಟಿರುತ್ತದೆ. ಪೆಟ್ಟು ಅವರಿಗೇ ಜಾಸ್ತಿ.

ಈಗ ಊರಿಗೆ ಬರೋಣ. ಗಾಳಿಯಲ್ಲಿ ವಿಷ ಬರಬಹುದು ಅಂತ ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಣ್ಮಕಜೆ, ಪಡ್ರೆ ಸುತ್ತಮುತ್ತ 2000ದವರೆಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದಿದ್ದಾರೆ. ಬಹುಶಃ ಅದರಿಂದಲೇ ಇರಬೇಕು, ನಮ್ಮ ಮನಸ್ಸಿನಲ್ಲಿ ಕೆಟ್ಟ ಗಾಳಿ ಅಂದರೆ ಹೊರಗಿನಿಂದ ಬರುವುದು. ಒಳಗಿನ ಹೊಗೆಯನ್ನು ನಾವು ಲೆಕ್ಕಕ್ಕೇ ಹಿಡಿಯಲಿಲ್ಲ.

ಲೆಕ್ಕ ಹಿಡಿದವರು ಇದ್ದರು. 1980ರ ದಶಕದ ಆರಂಭದಲ್ಲಿ ಅಮೆರಿಕದ ಸಂಶೋಧಕ ಕರ್ಕ್ ಸ್ಮಿತ್ ಮತ್ತು ಜೊತೆಗಾರರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಹೊಗೆಯನ್ನು ಅಳೆದರು. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಯ ಯೋಜನೆ ಶುರುಮಾಡಿತು, ಅದು 2002ರವರೆಗೆ ನಡೆಯಿತು. ಕರ್ನಾಟಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ಬಂತು. ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಪರಿಷತ್ ಒಲೆ ತಂದರು. ಎರಡಕ್ಕೂ ಹೊಗೆ ಹೊರಗೆ ಹೋಗಲು ಕೊಳವೆ ಇತ್ತು. ಆದರೆ ಆಗ ಮುಖ್ಯ ಚಿಂತೆ ಸೌದೆ ಉಳಿಸುವುದು, ಕಾಡು ಉಳಿಸುವುದು. ಹೊಗೆ ಎರಡನೆಯ ಮಾತು, ಅದೂ ಕಣ್ಣುರಿ ಮತ್ತು ಕೆಮ್ಮಿನ ಲೆಕ್ಕದಲ್ಲಿ. ಹೃದಯದ ಹೆಸರು ಯಾರೂ ಎತ್ತುತ್ತಿರಲಿಲ್ಲ. ಇವತ್ತು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ನೋಡಿ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ 32 ಲಕ್ಷ ಸಾವು. ಅದರಲ್ಲಿ 32% ಹೃದಯದ ರಕ್ತನಾಳದ ಕಾಯಿಲೆಯಿಂದ, 23% ಪಾರ್ಶ್ವವಾಯುವಿನಿಂದ. ಅರ್ಧಕ್ಕಿಂತ ಜಾಸ್ತಿ, ಅಲ್ವಾ?

ಗ್ಯಾಸ್ ಬಂದ ಮೇಲೆ ಅಡುಗೆಮನೆಯ ಹೊಗೆ ತುಂಬ ಕಡಿಮೆಯಾಗಿದೆ, ನಿಜ. ಆದರೆ ಬಚ್ಚಲಿನ ಹಂಡೆ ಇನ್ನೂ ಉರಿಯುತ್ತಿದೆ. ತೋಟ ಇರುವವರಿಗೆ ಮಡಲು, ಕೊತ್ತಳಿಗೆ, ಗೆರಟೆ, ಅಡಿಕೆ ಸೋಗೆ ಎಲ್ಲ ಪುಕ್ಕಟೆ. ಅದನ್ನು ಬಿಟ್ಟು ಕರೆಂಟು ಸುಡು ಅನ್ನುವುದು ಸುಲಭ, ಬಿಲ್ಲು ಕಟ್ಟುವವರು ಬೇರೆ. ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕುವ ಕೆಲಸ ಎಷ್ಟೋ ಮನೆಗಳಲ್ಲಿ ಅಜ್ಜನದ್ದೋ ಅಜ್ಜಿಯದ್ದೋ ಆಗಿರುತ್ತದೆ. ಬಗ್ಗಿ ಕೂತು ಊದುವುದೂ ಅವರೇ. ಸಂಜೆಯಾದರೆ ಸೊಳ್ಳೆ ಬತ್ತಿ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದಾಗ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಅದನ್ನು ಮಂಚದ ಕೆಳಗಿಟ್ಟು ಬಾಗಿಲು ಹಾಕಿ ಮಲಗುತ್ತೇವೆ. ಅಂಗಳದಾಚೆ ಸುಡುಮಣ್ಣಿನ ಹೊಗೆ, ರಬ್ಬರ್ ಇದ್ದಲ್ಲಿ ಶೀಟು ಒಣಗಿಸುವ ಹೊಗೆಗೂಡು, ದೇವರ ಕೋಣೆಯಲ್ಲಿ ಊದುಬತ್ತಿ. ತಲಪಾಡಿಯಿಂದ ಈಚೆಗೆ ಹೆದ್ದಾರಿ ಅಗಲ ಮಾಡುವಾಗ ಎದ್ದ ಧೂಳಿಗೆ ಬೈದಷ್ಟು ನಾವು ಇವಕ್ಕೆ ಬೈದಿಲ್ಲ. ಆ ಧೂಳಿನ ಹೆಚ್ಚು ಪಾಲು ದಪ್ಪ ಕಣ, ಮೂಗು-ಗಂಟಲಲ್ಲೇ ನಿಲ್ಲುತ್ತದೆ. ಹೃದಯಕ್ಕೆ ಹೆಚ್ಚು ಕಾಟ ಕೊಡುವುದು ಬೆಂಕಿಯಿಂದ, ಡೀಸೆಲಿನಿಂದ ಹುಟ್ಟುವ ಸಣ್ಣದು.

ಯಂತ್ರದ ಕತೆ ಬೇರೆ ಕಡೆ ಶುರುವಾಗುತ್ತದೆ. ಅದರೊಳಗಿನ ಹೆಪಾ ಫಿಲ್ಟರ್ 1940ರ ದಶಕದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಗಾಗಿ ಹುಟ್ಟಿದ್ದು, ವಿಕಿರಣದ ಧೂಳು ಹಿಡಿಯಲು. 1963ರಲ್ಲಿ ಜರ್ಮನಿಯ ಹ್ಯಾಮಸ್ ಸಹೋದರರು ಕಲ್ಲಿದ್ದಲ ಒಲೆಯ ಮಸಿ ಹಿಡಿಯಲು ಮನೆಬಳಕೆಯ ಶೋಧಕವೊಂದನ್ನು ಮಾಡಿದರು. ಹೆಪಾ ನಮ್ಮ ಜರಡಿಯಂತೆ ಕೆಲಸ ಮಾಡುವುದಿಲ್ಲ. ದೊಡ್ಡ ಕಣ ನೇರ ಹೋಗಿ ಎಳೆಗೆ ಬಡಿಯುತ್ತದೆ. ತೀರಾ ಸಣ್ಣದು ಅಡ್ಡಾದಿಡ್ಡಿ ಅಲೆದಾಡಿ ಎಳೆಗೆ ಅಂಟುತ್ತದೆ. ನಡುವಿನ 0.3 ಮೈಕ್ರಾನಿನದ್ದೇ ಹಿಡಿಯಲು ಕಷ್ಟ. ಅದನ್ನೂ 99.97% ಹಿಡಿದರೆ ಮಾತ್ರ ಹೆಪಾ ಎನ್ನುವುದು ಅಳತೆ. ಅನಿಲವನ್ನು ಅದು ಹಿಡಿಯುವುದಿಲ್ಲ, ಅದಕ್ಕೆ ಇದ್ದಿಲಿನ ಪದರ ಬೇರೆ ಬೇಕು.

ಗಾಳಿ ಶುದ್ಧವಾಯಿತು, ಹೃದಯಕ್ಕೇನು ಸಿಕ್ಕಿತು ಎಂದು ನೋಡಿದವರಲ್ಲಿ ಕೋಪನ್‌ಹೇಗನ್ನಿನವರು ಮೊದಲಿಗರ ಸಾಲಿನವರು. 2008ರಲ್ಲಿ 60ರಿಂದ 75 ವರ್ಷದ 21 ಜೋಡಿಗಳ ಮನೆಯಲ್ಲಿ 48 ಗಂಟೆ ಫಿಲ್ಟರ್ ಇಟ್ಟರು, ಇನ್ನೊಂದು 48 ಗಂಟೆ ಫಿಲ್ಟರ್ ಇಲ್ಲದ ಯಂತ್ರ ಓಡಿಸಿದರು. ಯಾವಾಗ ಯಾವುದು ಅಂತ ಮನೆಯವರಿಗೆ ಗೊತ್ತಿಲ್ಲ. ಫಿಲ್ಟರ್ ಇದ್ದಾಗ ಸಣ್ಣ ರಕ್ತನಾಳಗಳು ಹಿಗ್ಗುವ ಶಕ್ತಿ 8% ಸುಧಾರಿಸಿತು. ಅದೇ ಊರಿನಲ್ಲಿ 2013ರಲ್ಲಿ ಎರಡು ವಾರ ಓಡಿಸಿ ನೋಡಿದಾಗ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. ಇದನ್ನು ಜಾಹೀರಾತಿನವರು ಹೇಳುವುದಿಲ್ಲ.

ನಮಗೆ ಹೆಚ್ಚು ಹತ್ತಿರದ್ದು ಕೆನಡಾದ ಸ್ಮಿದರ್ಸ್ ಎಂಬ ಊರಿನ 2011ರ ಪ್ರಯೋಗ. ಅದು ಸೌದೆ ಸುಡುವ ಊರು. 45 ಮಂದಿಯ ಮನೆಗಳಲ್ಲಿ ಒಂದು ವಾರ ಹೆಪಾ ಓಡಿಸಿದಾಗ ಒಳಗಿನ ಸಣ್ಣ ಕಣ 60% ಇಳಿಯಿತು. ರಕ್ತನಾಳದ ಕೆಲಸ 9.4% ಉತ್ತಮವಾಯಿತು, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಮೂರನೇ ಒಂದು ಪಾಲಿನಷ್ಟು ಇಳಿಯಿತು. 2018ರಲ್ಲಿ ಡೆಟ್ರಾಯ್ಟ್‌ನಲ್ಲಿ ಬಡ ವೃದ್ಧರ ವಸತಿಯ 40 ಮಂದಿಯಲ್ಲಿ ಮೂರೇ ದಿನಕ್ಕೆ ಮೇಲಿನ ಬಿಪಿ ಸರಾಸರಿ 3.2 ಇಳಿಯಿತು. 2020ರಲ್ಲಿ ಇಂಥ 10 ಪ್ರಯೋಗಗಳ 604 ಮಂದಿಯನ್ನು ಒಟ್ಟು ಸೇರಿಸಿ ನೋಡಿದಾಗಲೂ ಇಳಿಕೆ ಸುಮಾರು 4. 2025ರಲ್ಲಿ ಅಮೆರಿಕದಲ್ಲಿ ಹೆದ್ದಾರಿ ಪಕ್ಕದ 154 ಮಂದಿಯಲ್ಲಿ ಒಂದು ತಿಂಗಳು ಓಡಿಸಿದರು. ಮೇಲಿನ ಬಿಪಿ 120ಕ್ಕಿಂತ ಜಾಸ್ತಿ ಇದ್ದವರಲ್ಲಿ ಸುಮಾರು 3 ಇಳಿಯಿತು, ಸರಿಯಾಗಿದ್ದವರಲ್ಲಿ ಏನೂ ಆಗಲಿಲ್ಲ.

ಮೂರು-ನಾಲ್ಕು ಅಂದರೆ ಎಷ್ಟು? ಸಾಮಾನ್ಯ ಬಿಪಿ ಮಾತ್ರೆಯೊಂದು ಮೇಲಿನ ಬಿಪಿಯನ್ನು ಸುಮಾರು 9 ಇಳಿಸುತ್ತದೆ. 10 ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳಂಥ ದೊಡ್ಡ ಪೆಟ್ಟುಗಳ ಅಪಾಯ ಐದನೇ ಒಂದು ಪಾಲು ಕಡಿಮೆಯಾಗುತ್ತದೆ. ಹಾಗಾಗಿ ಯಂತ್ರ ಅರ್ಧ ಮಾತ್ರೆಗೂ ಸಮವಲ್ಲ. ಆದರೆ ತಳ್ಳಿಹಾಕುವಂಥದ್ದೂ ಅಲ್ಲ. ಇನ್ನೊಂದು ಮಾತು. ಈ ಪ್ರಯೋಗಗಳೆಲ್ಲ ಅಳೆದದ್ದು ಬಿಪಿ, ನಾಳ, ಉರಿಯೂತ. ಯಂತ್ರ ಇಟ್ಟವರಿಗೆ ಹೃದಯಾಘಾತ ಕಡಿಮೆಯಾಯಿತು ಎಂದು ಇವು ಯಾವುವೂ ತೋರಿಸಿಲ್ಲ. "ಹಾರ್ಟಿಗೆ ಒಳ್ಳೇದು" ಎನ್ನುವವರು ಇಷ್ಟು ಸೇರಿಸಿ ಹೇಳಿದರೆ ತಪ್ಪಿಲ್ಲ. ಯಂತ್ರ ಬಂತೆಂದು ಮಾತ್ರೆ ಬಿಡುವುದು ಮಾತ್ರ ಬೇಡವೇ ಬೇಡ. ಹೃದಯ ಕೈಕೊಟ್ಟರೆ ನಮ್ಮಲ್ಲಿ ಹೆಚ್ಚಿನವರು ಓಡುವುದು ಮಂಗಳೂರಿಗೆ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಅಲ್ಲಿಗೆ ಮುಟ್ಟಲಾಗದೆ ರೋಗಿಗಳು ತೀರಿಕೊಂಡದ್ದನ್ನು ಯಾರೂ ಮರೆತಿಲ್ಲ.

ಈ ಪ್ರಯೋಗಗಳು ನಡೆದ ಮನೆಗಳು ಹೆಚ್ಚಾಗಿ ಚಳಿಗೆ ಬಾಗಿಲು-ಕಿಟಕಿ ಮುಚ್ಚಿಕೊಳ್ಳುವ ಮನೆಗಳು. ನಮ್ಮ ಹಳೆಯ ಹೆಂಚಿನ ಮನೆಯಲ್ಲಿ ಮಾಡಿನ ಸಂದಿಯಿಂದಲೇ ಗಾಳಿ ಓಡಾಡುತ್ತದೆ. ಚಾವಡಿಯಲ್ಲಿ ಯಂತ್ರ ಇಡುವುದು ಸುಮ್ನೆ ಶೋಕಿಗೆ. ಅದು ಕೆಲಸಕ್ಕೆ ಬರುವುದಾದರೆ ಟೆರೇಸು ಮನೆಯ, ಇಲ್ಲವೇ ಮುಚ್ಚಿಗೆ ಹಾಕಿದ ಮಲಗುವ ಕೋಣೆಯಲ್ಲಿ, ಬಾಗಿಲು ಹಾಕಿ, ರಾತ್ರಿಯಿಡೀ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಅದನ್ನು ಗಂಟೆಗೆ ಐದು ಸಲ ಸೋಸಬೇಕಾದರೆ ಡಬ್ಬದ ಮೇಲೆ ಬರೆದ ಸಿಎಡಿಆರ್, ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎನ್ನುವ ಅಂಕಿ, 170 ಆದರೂ ಇರಲಿ. 40 ವಾಟಿನ ಯಂತ್ರ ದಿನವಿಡೀ ಓಡಿದರೆ ಕರೆಂಟು ಒಂದು ಯೂನಿಟ್ ಹತ್ತಿರ. ಫಿಲ್ಟರ್ ಬದಲಿಸುವ ಖರ್ಚು ಬೇರೆ, ಮಗ ಅದನ್ನೂ ಕಳಿಸುತ್ತಾನೋ ಕೇಳಿಟ್ಟುಕೊಳ್ಳಿ. ಓಝೋನ್ ಬಿಡುವ ಯಂತ್ರವನ್ನಂತೂ ಮನೆಗೆ ತರಲೇಬೇಡಿ. ಓಝೋನ್ ಉಸಿರಿನ ದಾರಿಯನ್ನೇ ಕೆರಳಿಸುತ್ತದೆ.

ಅದೇ ಹಣದಲ್ಲಿ ಹಂಡೆಯ ಒಲೆಗೆ ಮಾಡಿಗಿಂತ ಎತ್ತರದ ಕೊಳವೆ ಕೂರಿಸಬಹುದು, ಸೊಳ್ಳೆ ಬತ್ತಿಯ ಬದಲು ಪರದೆ ಕಟ್ಟಬಹುದು. ನನ್ನನ್ನು ಕೇಳಿದರೆ ಮೊದಲು ಅದು, ಆಮೇಲೆ ಯಂತ್ರ. ಹೃದಯದ ಕಾಯಿಲೆ ಇರುವ ಹಿರಿಯರ ಕೋಣೆ ರಸ್ತೆ ಬದಿಯಲ್ಲಿದ್ದರೆ, ನೆರೆಮನೆಯ ಹೊಗೆ ತಪ್ಪಿಸಲಾಗದಿದ್ದರೆ ಯಂತ್ರವೂ ಬರಲಿ.

ಮಳೆಗಾಲದಲ್ಲಿ ಲೆಕ್ಕ ಇನ್ನೊಂದು ರೀತಿ ತಿರುಗುತ್ತದೆ. ಜೂನ್ ಹಿಡಿದರೆ ಹೊರಗಿನ ಗಾಳಿಯನ್ನು ಮಳೆಯೇ ತೊಳೆಯುತ್ತದೆ. ಒಳಗೆ ಮಾತ್ರ ಕಿಟಕಿ ಮುಚ್ಚಿರುತ್ತದೆ, ಸೌದೆ ಒದ್ದೆ, ಬಿಸಿ ನೀರಿನ ಸೋಲಾರ್ ಇದ್ದವರೂ ಹಂಡೆಗೇ ಮರಳುತ್ತಾರೆ. ಒದ್ದೆ ಸೌದೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಜಾಸ್ತಿ. ಯಂತ್ರಕ್ಕೂ ಇದು ಕೆಟ್ಟ ಕಾಲ. ಇದ್ದಿಲಿನ ಪದರ ತೇವ ಹೀರಿ ಸೋಲುತ್ತದೆ, ಫಿಲ್ಟರಿನ ಧೂಳಿಗೆ ಬೂಸು ಹಿಡಿಯುತ್ತದೆ, ಕರೆಂಟೂ ಬಂದು ಹೋಗುತ್ತಿರುತ್ತದೆ. ಏಪ್ರಿಲ್ ಒಳಗೇ ಸೌದೆ ಒಣಗಿಸಿ ಕೊಟ್ಟಿಗೆ ತುಂಬಿಸಿಟ್ಟ ಮನೆಯಲ್ಲಿ ಆ ನಾಲ್ಕು ತಿಂಗಳ ಹೊಗೆ ಎಷ್ಟೋ ಕಡಿಮೆ. ಮತ್ತೆ ಹಂಡೆಗೆ ಬೆಂಕಿ ಹಾಕುವ ಕೆಲಸವನ್ನು ಅಜ್ಜನ ಕೈಯಿಂದ ತೆಗೆದು ಮನೆಯ ಪ್ರಾಯದವರು ಯಾರಾದರೂ ವಹಿಸಿಕೊಂಡರೆ ಅದಕ್ಕೆ ಫಿಲ್ಟರೂ ಬೇಡ, ಕರೆಂಟೂ ಬೇಡ.